ಆರುನೂರು ವರ್ಷದ ಮುಯ್ಯಿ

ನಮ್ಮ ಕಡೆ ಮನೆಗೆ ಬಂದುಹೋದವರ ಲೆಕ್ಕ ಇಡುವವರು ಹೆಂಗಸರು. ಮದುವೆಯ ಆಹೇರು ಬರೆದಿಡಲು ವಹಿ ಇರುತ್ತದೆ, ಭೇಟಿಗೆ ವಹಿ ಇಲ್ಲ. ಆದರೂ ತಾಳೆ ತಪ್ಪುವುದಿಲ್ಲ. "ಅವರು ಎರಡ ಸಲ ಬಂದ್ ಹೋದ್ರು, ನಾವು ಒಂದ ಸಲಾನೂ ಹೋಗಲಿಲ್ಲ" ಎಂಬ ಮಾತು ಅಡುಗೆಮನೆಯಿಂದ ಹೊರಬಿತ್ತೆಂದರೆ ಬರುವ ಅಮಾವಾಸ್ಯೆಯೊಳಗೆ ಎಲ್ಲಿಗೋ ಬಸ್ಸು ಹತ್ತಲೇಬೇಕು. ಈ ನ್ಯಾಯದಲ್ಲಿ ನೋಡಿದರೆ ಕನ್ನಡ ನಾಡು ಇಟಲಿಯ ಭಾರಿ ಬಾಕಿದಾರ. 1420ರ ಸುಮಾರಿಗೆ ನಿಕೊಲೊ ಕಾಂಟಿ ವಿಜಯನಗರಕ್ಕೆ ಬಂದುಹೋದ. ಹದಿನಾರನೆಯ ಶತಮಾನ ಕಣ್ಣು ಬಿಡುವ ಹೊತ್ತಿಗೆ ಲುಡೊವಿಕೊ ವರ್ತೆಮ ಬಂದ. 1567ರಲ್ಲಿ ಬಂದ ಚೆಸಾರೆ ಫೆದೆರಿಚಿ ಸುಟ್ಟು ಹಾಳಾದ ವಿಜಯನಗರದಲ್ಲೇ ಏಳು ತಿಂಗಳು ಕೂತ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಬಂದ. 1695ರಲ್ಲಿ ಜೆಮೆಲ್ಲಿ ಕರೇರಿ ಗೋವೆಯಿಂದ ಘಟ್ಟ ಹತ್ತಿ, ನಮ್ಮ ಸೀಮೆಯ ಮೇಲೆ ಹಾಯ್ದು, ಕೃಷ್ಣೆಯ ದಂಡೆಯ ಗಲಗಲಿಯಲ್ಲಿ ಡೇರೆ ಹಾಕಿಕೊಂಡಿದ್ದ ಔರಂಗಜೇಬನನ್ನು ನೋಡಿಹೋದ. ಬಂದವರೆಲ್ಲ ಊರಿಗೆ ಮರಳಿ ನಮ್ಮ ಬಗ್ಗೆ ನಾಲ್ಕು ಮಾತು ಬರೆದರು, ಇಲ್ಲವೆ ಬರೆಸಿದರು. ನಾವು ಮಾಡಿದ್ದೇನು? ಅವರನ್ನು ಹಿಡಿದು ಇತಿಹಾಸದ ಪ್ರಶ್ನೆಪತ್ರಿಕೆಯಲ್ಲಿ ಕೂರಿಸಿ, ಟಿಪ್ಪಣಿ ಬರೆಯಿರಿ ಎಂದು ನಾಲ್ಕು ಅಂಕ ಇಟ್ಟೆವು.

ಆ ನಾಲ್ಕು ಅಂಕ ಇಟ್ಟವರಲ್ಲಿ ನಾನೂ ಒಬ್ಬ. ಎಂ.ಕೆ. ಹುಬ್ಬಳ್ಳಿಯಿಂದ ಹೊರಟು ಸುತ್ತಮುತ್ತಲಿನ ಹೈಸ್ಕೂಲುಗಳಲ್ಲಿ ಇತಿಹಾಸ ಹೇಳುತ್ತ ನಿವೃತ್ತನಾದ ಮಾಸ್ತರ. ಮಗಳು-ಅಳಿಯ ಮಿಲಾನಿನಲ್ಲಿದ್ದಾರೆ. ಅವರ ಮನೆಗೆ ಹೋಗುವ ನೆಪದಲ್ಲಿ ಈ ಹಳೆಯ ಅತಿಥಿಗಳ ಊರುಗಳನ್ನೂ ನೋಡಿ ಬರೋಣ, ಮುಯ್ಯಿ ತೀರಲಿ ಎಂದುಕೊಂಡೆ. ಕಬ್ಬು ಅರೆಯುವ ಹಂಗಾಮು ಅದು. ಸಕ್ಕರೆ ಕಾರ್ಖಾನೆಯ ಕಡೆಗೆ ಹೊರಟ ಟ್ರ್ಯಾಕ್ಟರುಗಳ ಸಾಲು ನೋಡುತ್ತ ಚಹಾದಂಗಡಿಯಲ್ಲಿ ಕೂತಿದ್ದಾಗ ಒಬ್ಬರು ಕೇಳಿದರು: "ಇಟಲಿಯೊಳಗ ಏನೈತ್ರೀ ಸರ?" ಬೀಗರಿದ್ದಾರೆ ಎಂದೆ. ಮಗಳ ಮದುವೆಗೆ ಬಂದು ಉಂಡುಹೋದವರಿಗೆ ಬೀಗರ ಮನೆ ಧಾರವಾಡದಲ್ಲಿದೆ ಎಂದು ಗೊತ್ತಿತ್ತು. ಮುಂದೆ ಕೇಳಲಿಲ್ಲ.

ಅಷ್ಟಕ್ಕೂ ಆ ಅತಿಥಿಗಳು ಯಾರೂ ಇಟಲಿಯವರಲ್ಲ. ಅವರಿದ್ದಾಗ ಇಟಲಿ ಎಂಬ ದೇಶವೇ ಇರಲಿಲ್ಲ. ಕಾಂಟಿ ವೆನಿಸ್ ಗಣರಾಜ್ಯದವನು, ದೆಲ್ಲಾ ವಾಲ್ಲೆ ಪೋಪರ ರೋಮಿನವನು, ಕರೇರಿ ಸ್ಪೇನಿನ ದೊರೆಗೆ ಸೇರಿದ ನೇಪಲ್ಸ್ ರಾಜ್ಯದವನು. ಇವರ ಊರುಗಳೆಲ್ಲ ಒಂದೇ ಬಾವುಟದ ಕೆಳಗೆ ಬರತೊಡಗಿದ್ದು 1861ರಲ್ಲಿ. ರೋಮು ಸೇರಿದ್ದಂತೂ 1870ಕ್ಕೆ. ಇದು ನನಗೆ ಸೋಜಿಗವೇನಲ್ಲ. ನಾನು ಹುಟ್ಟಿದ್ದು ಮುಂಬಯಿ ರಾಜ್ಯದಲ್ಲಿ, ಓದಿದ್ದು ಮೈಸೂರು ರಾಜ್ಯದಲ್ಲಿ, ಪಗಾರ ಎಣಿಸಿದ್ದು ಕರ್ನಾಟಕದಲ್ಲಿ. ತಾಲೂಕು ಬೈಲಹೊಂಗಲ ಹೋಗಿ ಕಿತ್ತೂರಾಯಿತು. 2021ರಲ್ಲಿ ಮುಂಬಯಿ ಕರ್ನಾಟಕ ಹೋಗಿ ಕಿತ್ತೂರು ಕರ್ನಾಟಕವಾಯಿತು. ಇಷ್ಟೆಲ್ಲ ದೇಶಾಂತರ ಮಾಡಿದ್ದು ನಮ್ಮ ಪಡಸಾಲೆಯಲ್ಲೇ ಕೂತು. ಆದ್ದರಿಂದ ಇಟಲಿಯವನೊಬ್ಬ ತನ್ನ ದೇಶದ ಹೆಸರು ಹೇಳುವ ಮೊದಲು ಊರಿನ ಹೆಸರು ಹೇಳಿದರೆ ನನಗೆ ಅವನ ಮೇಲೆ ಪೂರ್ತಿ ನಂಬಿಕೆ ಹುಟ್ಟುತ್ತದೆ.

ಮಿಲಾನಿನಿಂದ ಮೊದಲು ಹೋದದ್ದು ಬೆರ್ಗಮೊ. ಅಲ್ಲಿಂದ ಬಂದ ಅತಿಥಿ ನಮ್ಮಲ್ಲಿ ಬರೆದುಹೋಗಲಿಲ್ಲ, ಬಣ್ಣ ಬಳಿದು ಹೋದ. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಗೋಡೆ ಮತ್ತು ಚಾವಣಿಯ ತುಂಬ ಚಿತ್ರ ಬರೆದ ಅಂತೋನಿಯೊ ಮೊಸ್ಕೇನಿ ಬೆರ್ಗಮೊ ಪಕ್ಕದ ಸ್ಟೆತ್ಸಾನೊ ಎಂಬ ಹಳ್ಳಿಯವನು. 1854ರಲ್ಲಿ ಹುಟ್ಟಿ, ಬೆರ್ಗಮೊದ ಕರಾರ ಅಕಾಡೆಮಿಯಲ್ಲಿ ಕಲಿತು, ಜೆಸ್ಯೂಟ್ ಸಂಘ ಸೇರಿ, ಮಂಗಳೂರಿಗೆ ಬಂದು 1899ರಿಂದ 1901ರವರೆಗೆ ಅಟ್ಟಣೆಯ ಮೇಲೆ ಕತ್ತೆತ್ತಿ ಕೆಲಸ ಮಾಡಿದ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ, ಊರಿಗೆ ಮರಳಲಿಲ್ಲ. ಆ ಚಾಪೆಲ್ಲಿನಲ್ಲಿ ಕೆಲವು ಕ್ಯಾನ್ವಾಸಿನ ಮೇಲಿನ ತೈಲಚಿತ್ರ, ಕೆಲವು ಫ್ರೆಸ್ಕೊ. ಫ್ರೆಸ್ಕೊ ಎಂದರೆ ಹಸಿ ಗಾರೆಯ ಮೇಲಿನ ಚಿತ್ರ. ಅವತ್ತಿಗೆ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಗೋಡೆಗೆ ಸುಣ್ಣದ ಗಾರೆ ಮೆತ್ತಬೇಕು, ಅದು ಒಣಗುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು. ಗಾರೆ ಆರುತ್ತ ಗಾಳಿಯನ್ನು ಹೀರಿ ಕಲ್ಲಾಗುವಾಗ ಬಣ್ಣವನ್ನೂ ಒಳಗೆ ಹಿಡಿದುಕೊಳ್ಳುತ್ತದೆ. ತಪ್ಪಿದರೆ ಒರೆಸುವ ಹಾಗಿಲ್ಲ, ಕೆತ್ತಿ ತೆಗೆದು ಮತ್ತೆ ಮೆತ್ತಬೇಕು. ಮಂಗಳೂರಿನ ಆರ್ದ್ರ ಹವೆಯಲ್ಲಿ, ಧೋ ಎನ್ನುವ ಮಳೆಯಲ್ಲಿ, ಗಾರೆ ಯಾವಾಗ ಒಣಗುತ್ತದೆಂದು ಆ ಲೊಂಬಾರ್ಡಿಯ ಮನುಷ್ಯ ಹೇಗೆ ಲೆಕ್ಕ ಹಾಕುತ್ತಿದ್ದನೋ!

ನಾನು ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಕತ್ತೆತ್ತಿ ನೋಡಿರೋ ಎಂದರೆ ಅವು ಹೊರಗೆ ನೋಡುತ್ತಿದ್ದವು. ಬೈಲಹೊಂಗಲದ ಕಡೆಯ ಮಕ್ಕಳಿಗೆ ಸಮುದ್ರದ ಮುಂದೆ ಮೈಕೆಲೆಂಜೆಲೊ ಬಂದು ನಿಂತರೂ ಲೆಕ್ಕವಿಲ್ಲ. "ಸರ, ಸಮುದ್ರ ಯಾವಾಗ್ರಿ?"

ಬೆರ್ಗಮೊದ ಮೇಲಿನ ಊರು ಗುಡ್ಡದ ಮೇಲೆ, ವೆನಿಸಿನವರು ಕಟ್ಟಿಸಿದ ಕೋಟೆಗೋಡೆಯೊಳಗೆ ಇದೆ. ಕೆಳಗಿನಿಂದ ಹಗ್ಗದ ರೈಲು ಎಳೆದುಕೊಂಡು ಹೋಗುತ್ತದೆ. ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದಾಗ ಒಂದು ಹೋಟೆಲಿನಲ್ಲಿ ಬಿಸಿ ಪೊಲೆಂಟಾ ತಂದಿಟ್ಟರು. ನನ್ನ ಹೆಂಡತಿ ಒಂದು ಚಮಚ ಬಾಯಿಗಿಟ್ಟು, "ಇದು ಗೋವಿನಜೋಳದ ನುಚ್ಚಲ್ಲೇನ್ರೀ!" ಎಂದಳು. ಹೌದು, ಅದೇ. ದಕ್ಷಿಣದವರು ಉತ್ತರದವರನ್ನು ಪೊಲೆಂಟಾ ತಿನ್ನುವವರು ಎಂದು ಆಡಿಕೊಳ್ಳುತ್ತಾರಂತೆ. ಅನ್ನ ಉಣ್ಣುವ ಕಡೆಗೆ ಹೋಗಿ ರೊಟ್ಟಿಯವರು ಎನಿಸಿಕೊಂಡ ನಮಗೆ ಈ ಬೈಗುಳದ ರುಚಿ ಗೊತ್ತು. ಇನ್ನೊಂದು ತಟ್ಟೆ ಕೇಳಿದೆವು.

ಫಜೀತಿ ಬಂದದ್ದು ಸಿಹಿಯಲ್ಲಿ. ಬೆರ್ಗಮೊದ ಮಿಠಾಯಿ ಅಂಗಡಿಗಳಲ್ಲೆಲ್ಲ ಪೊಲೆಂಟಾದ ಗುಪ್ಪೆಯ ಆಕಾರದ ಹಳದಿ ಕೇಕು ಇಟ್ಟಿರುತ್ತಾರೆ, ಅದರ ನೆತ್ತಿಯ ಮೇಲೆ ಚಾಕೊಲೇಟಿನ ಹಕ್ಕಿಗಳು. ಹಿಂದೆ ಪೊಲೆಂಟಾದ ಜತೆ ಹುರಿದ ಸಣ್ಣ ಹಕ್ಕಿಗಳನ್ನೇ ತಿನ್ನುತ್ತಿದ್ದರು, ಅದರ ನೆನಪಿಗೆ ಈ ಸಿಹಿ. ಇದು ಬರಿಯ ಸಕ್ಕರೆ, ಬಾದಾಮಿ, ಚಾಕೊಲೇಟು ಎಂದು ಮಗಳು ಎಷ್ಟು ಹೇಳಿದರೂ ನನ್ನಾಕೆ ಒಪ್ಪಲಿಲ್ಲ. ಹಕ್ಕಿ ಅಂದರೆ ಹಕ್ಕಿ. ಕೊನೆಗೆ ಹಕ್ಕಿಗಳನ್ನು ಮೊಮ್ಮಗನಿಗೆ ಕೊಟ್ಟು ಕೆಳಗಿನ ಗುಡ್ಡವನ್ನು ನಾವು ತಿಂದೆವು.

ಕಾಂಟಿಯ ಊರು ಕಿಯೋಜ್ಜಾ. ವೆನಿಸಿನ ಕೊಲ್ಲಿಯ ದಕ್ಷಿಣ ತುದಿಯ ಮೀನುಗಾರರ ಪಟ್ಟಣ. ಕಾಲುವೆ ಇವೆ, ಸೇತುವೆ ಇವೆ, ದೋಣಿ ಇವೆ. ಇಷ್ಟಿದ್ದೂ ಜನ ಅದನ್ನು ಚಿಕ್ಕ ವೆನಿಸ್ ಎನ್ನುತ್ತಾರೆ. ಅಲ್ಲಿಯ ಜನಕ್ಕೆ ಇದರಿಂದ ಎಷ್ಟು ಸಿಟ್ಟು ಬರುತ್ತದೆ ಎಂಬುದು ನನಗೆ ಯಾರೂ ವಿವರಿಸಬೇಕಿಲ್ಲ. ಮುಗಟಖಾನ ಹುಬ್ಬಳ್ಳಿಯಲ್ಲಿ ಹುಟ್ಟಿದವನು ತನ್ನ ಊರಿನ ಹೆಸರು ಹೇಳಿದ ಕೂಡಲೇ ಇನ್ನೊಂದು ಊರಿನ ಬಗ್ಗೆ ಮಾತು ಶುರುವಾಗುವುದನ್ನು ಆಯುಷ್ಯವಿಡೀ ಕೇಳಿರುತ್ತಾನೆ. "ಹುಬ್ಬಳ್ಳಿಯವರಾ? ಸಿದ್ಧಾರೂಢ ಮಠದ ಹತ್ತಿರಾನಾ?" ಅಲ್ಲ, ಆ ಹುಬ್ಬಳ್ಳಿಯಲ್ಲ, ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವಾಗ ಮಲಪ್ರಭೆಯ ದಂಡೆಗೆ ಸಿಗುತ್ತದಲ್ಲ, ಅದು. "ಓ, ಹೈವೇ ಮ್ಯಾಲಿಂದ ಕಾಣತೈತಲ್ಲ?" ಹೌದು, ಕಾಣುತ್ತದೆ. ಪುಣೆ-ಬೆಂಗಳೂರು ಹೆದ್ದಾರಿ ಅಗಲವಾದಷ್ಟೂ ನಮ್ಮೂರನ್ನು ಕಂಡವರು ಹೆಚ್ಚಿದರು, ನೋಡಿದವರು ಕಮ್ಮಿಯಾದರು.

ಕಿಯೋಜ್ಜಾದ ದಂಡೆಯ ಚೌಕದಲ್ಲಿ ಒಂದು ಕಂಬ, ಕಂಬದ ಮೇಲೆ ವೆನಿಸಿನ ಲಾಂಛನವಾದ ರೆಕ್ಕೆಯ ಸಿಂಹ. ಶಿಲ್ಪಿಗೆ ಕಲ್ಲು ಕಮ್ಮಿ ಬಿತ್ತೋ, ಮನಸ್ಸು ಕಮ್ಮಿ ಬಿತ್ತೋ, ಸಿಂಹ ತುಸು ಸಣ್ಣದಾಗಿದೆ. ವೆನಿಸಿನವರು ಅದನ್ನು ಬೆಕ್ಕು ಎನ್ನುತ್ತಾರೆ. ಕಿಯೋಜ್ಜಾದ ಬೆಕ್ಕು ಎಂದರೆ ಇಲ್ಲಿ ಜಗಳ ಗ್ಯಾರಂಟಿ. ಇದನ್ನು ನನಗೆ ಹೇಳಿದ ಮೀನಂಗಡಿಯ ಮುದುಕ ಆ ಮಾತನ್ನು ಉಚ್ಚರಿಸುವಾಗ ದನಿ ತಗ್ಗಿಸಿ ಅತ್ತಿತ್ತ ನೋಡಿದ. ಜಗಳಗಂಟರೆಂಬ ಕೀರ್ತಿ ಅವರಿಗೆ ಹಳೆಯದು. ವೆನಿಸಿನ ನಾಟಕಕಾರ ಗೊಲ್ಡೋನಿ 1762ರಲ್ಲಿ ಕಿಯೋಜ್ಜಾದವರ ಬೀದಿಜಗಳವನ್ನೇ ಇಟ್ಟುಕೊಂಡು ಒಂದು ನಾಟಕ ಬರೆದ. ನನ್ನ ಮಟ್ಟಿಗೆ ಇಡೀ ವೆನಿಸಿಗಿಂತ ಆ ಬೆಕ್ಕಿನ ಮುಂದೆ ಹೆಚ್ಚು ಹೊತ್ತು ನಿಂತೆ. ವೆನಿಸನ್ನು ನೋಡಲು ಜಗತ್ತೇ ಇದೆ. ಕಿಯೋಜ್ಜಾದ ಗೋಪುರದ ಗಡಿಯಾರವನ್ನೂ ನೋಡಿದೆ. ಇನ್ನೂ ನಡೆಯುತ್ತಿರುವ ಗಡಿಯಾರಗಳಲ್ಲಿ ಇಷ್ಟು ಹಳೆಯದು ಇನ್ನೊಂದಿಲ್ಲ, 1386ರದು ಎಂದು ಅವರ ವಾದ. ಇಂಗ್ಲೆಂಡಿನ ಸಾಲಿಸ್ಬರಿಯವರದೂ ಅದೇ ವರ್ಷ, ಅದೇ ವಾದ. ಇದು ಯಾವ ನ್ಯಾಯಾಲಯದಲ್ಲೂ ಮುಗಿಯುವ ಖಟ್ಲೆಯಲ್ಲ.

ಕಾಂಟಿಯ ಕತೆ ಮಜಾ ಇದೆ. ವರ್ಷಗಟ್ಟಲೆ ಪೂರ್ವದೇಶಗಳಲ್ಲಿ ಅಲೆದು ಮರಳುವಾಗ ಜೀವ ಉಳಿಸಿಕೊಳ್ಳಲು ಕ್ರೈಸ್ತಧರ್ಮ ಬಿಟ್ಟಿದ್ದ. ಊರಿಗೆ ಬಂದು ಪೋಪ್ ನಾಲ್ಕನೆಯ ಯೂಜೀನರ ಮುಂದೆ ಕ್ಷಮೆ ಬೇಡಿದ. ಅವರು ಕೊಟ್ಟ ಪ್ರಾಯಶ್ಚಿತ್ತ ಏನು ಗೊತ್ತೇ? ಕಂಡದ್ದನ್ನೆಲ್ಲ ಒಂದೂ ಬಿಡದೆ ನನ್ನ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲಿನಿಗೆ ಹೇಳು ಎಂದು. ಪೊಜ್ಜೊ ಅದನ್ನು ಲ್ಯಾಟಿನ್ನಿನಲ್ಲಿ ಬರೆದುಕೊಂಡ. ವಿಜಯನಗರದ ಹಬ್ಬಗಳು, ಗುಡಿಯ ಒಳಗೂ ಮಾಡಿನ ಮೇಲೂ ಸಾಲುದೀಪ, ದಾರಿಹೋಕರ ಮೇಲೆ ಕೇಸರಿನೀರು ಎರಚುವ ಓಕುಳಿ, ಎಲ್ಲ ಹೀಗೆ ಪಾಪನಿವೇದನೆಯಲ್ಲಿ ದಾಖಲಾದವು. ಪ್ರವಾಸ ಮುಗಿಸಿ ಬಂದವರು ಫೋಟೊ ತೋರಿಸುತ್ತ ಕತೆ ಹೇಳುವಾಗ ಪ್ರಾಯಶ್ಚಿತ್ತ ಆಗುವುದು ಕೇಳುವವರಿಗೆ. ಪೋಪರು ಇಲ್ಲಿ ತಿರುಗಾಮುರುಗಾ ಮಾಡಿದ್ದಾರೆ.

ವರ್ತೆಮನ ಬೊಲೊನ್ಯಾದಲ್ಲಿ ಮಳೆ ಇತ್ತು. ಆದರೆ ನೆನೆಯಲಿಲ್ಲ. ಆ ಊರಿನ ಹಳೆಯ ಭಾಗದಲ್ಲಿ ಹೆಚ್ಚುಕಡಿಮೆ 40 ಕಿಲೋಮೀಟರ್ ಉದ್ದಕ್ಕೆ ಕಾಲುದಾರಿಯ ಮೇಲೆ ಕಮಾನಿನ ಚಾವಣಿ ಇದೆ. ಇಂಥ ಊರಿನಲ್ಲಿ ಹುಟ್ಟಿದವನು ವೇಷ ಮರೆಸಿಕೊಂಡು ಮರುಭೂಮಿ ದಾಟಿ, ಭಟ್ಕಳ, ಹೊನ್ನಾವರದ ಮಳೆಗೆ ಯಾಕೆ ಬಂದನೋ ಎಂದು ನನ್ನಾಕೆ ಕೇಳಿದ್ದಕ್ಕೆ ಉತ್ತರ ಇಲ್ಲ. ಅವನ ಪುಸ್ತಕ 1510ರಲ್ಲಿ ರೋಮಿನಲ್ಲಿ ಅಚ್ಚಾಗಿ ಯುರೋಪಿನ ಹಲವು ಭಾಷೆಗಳಿಗೆ ಹೋಯಿತು. ವಾಲಿ ನಿಂತ ಗರಿಸೆಂದಾ ಗೋಪುರವನ್ನು ಬೇಲಿಯಾಚೆಯಿಂದ ನೋಡಿ ಮೊದೆನಾಗೆ ಹೊರಟೆವು.

ಮೊದೆನಾ ಮತ್ತು ಬೊಲೊನ್ಯಾ ಪಕ್ಕಪಕ್ಕದ ಊರು, ಅಂದಮೇಲೆ ವೈರ ಇರಲೇಬೇಕು. 1325ರ ಯುದ್ಧದಲ್ಲಿ ಗೆದ್ದ ಮೊದೆನಾದವರು ಬೊಲೊನ್ಯಾದ ಬಾವಿಯಿಂದ ಒಂದು ಮರದ ಬಕೆಟು ಕದ್ದು ತಂದರು. ಇವತ್ತಿಗೂ ಕೊಟ್ಟಿಲ್ಲ. ಅಸಲು ಬಕೆಟು ನಗರಸಭೆಯ ಅರಮನೆಯಲ್ಲಿ, ನಕಲು ಗಿರ್ಲಂದೀನಾ ಗೋಪುರದಲ್ಲಿ. ಯುದ್ಧ ನಡೆದದ್ದು ಪೋಪರ ಪಕ್ಷ, ಚಕ್ರವರ್ತಿಯ ಪಕ್ಷ ಎಂಬ ದೊಡ್ಡ ರಾಜಕಾರಣಕ್ಕೆ. ಆದರೆ ಜನಕ್ಕೆ ನೆನಪಿರುವುದು ಬಕೆಟು. ಕವಿ ತಸ್ಸೋನಿ ಅದರ ಮೇಲೆ ಇಡೀ ಕಾವ್ಯವನ್ನೇ ಬರೆದ. ಬಕೆಟಿಗಾಗಿ ಯುದ್ಧವೇ ಎಂದು ಹೆಂಡತಿ ನಕ್ಕಳು. ನಾನು ನಗಲಿಲ್ಲ. ಕಣಕುಂಬಿಯಲ್ಲಿ ಹುಟ್ಟುವ ನಮ್ಮ ಮಲಪ್ರಭೆಗೆ ಪಕ್ಕದ ಮಹದಾಯಿಯ ನೀರು ಒಂದಿಷ್ಟು ತಿರುಗಿಸಿಕೊಡಿ ಎಂದು ಗೋವೆಯ ಜತೆ ಎಷ್ಟು ವರ್ಷದಿಂದ ಜಗಳ? 2018ರಲ್ಲಿ ನ್ಯಾಯಮಂಡಳಿ ತೀರ್ಪನ್ನೂ ಕೊಟ್ಟಿತು. ಜಗಳ ಮುಗಿದಿಲ್ಲ. ನಮ್ಮಲ್ಲಿ ಬಕೆಟಿಗೆ ಕೊರತೆ ಇಲ್ಲ, ಅಷ್ಟೇ ವ್ಯತ್ಯಾಸ.

ಬಕೆಟು ನೋಡಲು ಹೋದವನನ್ನು ಹಿಡಿದು ನಿಲ್ಲಿಸಿದ್ದು ಮೊದೆನಾದ ಕಥೀಡ್ರಲ್. 1099ರಲ್ಲಿ ಶುರುವಾದ ಕಟ್ಟಡ. ಮುಂಭಾಗದಲ್ಲಿ ಆದಮ್ ಮತ್ತು ಈವ್, ಕೇನ್ ಮತ್ತು ಅಬೆಲ್, ನೋವನ ನಾವೆ, ಎಲ್ಲ ಕಲ್ಲಿನ ಪಟ್ಟಿಕೆಗಳಲ್ಲಿ. ಮನುಷ್ಯರು ಗಿಡ್ಡಗಿಡ್ಡ, ತಲೆ ದೊಡ್ಡದು, ಮುಖದ ಮೇಲೆ ಗಾಬರಿ. ತಪ್ಪು ಮಾಡಿ ಸಿಕ್ಕಿಬಿದ್ದ ಮನುಷ್ಯರು ಹೀಗೇ ಇರುತ್ತಾರೆ ಎನ್ನುವಂತಿವೆ. ಅಲ್ಲೇ ಮೇಲೆ ಇಬ್ಬರು ಪ್ರವಾದಿಗಳು ಒಂದು ಶಾಸನದ ಹಲಗೆ ಹಿಡಿದು ನಿಂತಿದ್ದಾರೆ. ಅದರಲ್ಲಿ ಶಿಲ್ಪಿಯ ಹೆಸರಿದೆ: ವಿಲಿಜೆಲ್ಮೊ. ಹೆಸರಷ್ಟೇ ಅಲ್ಲ, ಶಿಲ್ಪಿಗಳಲ್ಲಿ ಅವನಿಗೆ ಎಂಥ ಮಾನ ಸಲ್ಲಬೇಕು ಎಂಬ ಹೊಗಳಿಕೆಯೂ ಇದೆ. ಯುರೋಪಿನ ಆ ಕಾಲದ ಶಿಲ್ಪಿಗಳಲ್ಲಿ ಬಹುಮಂದಿ ಹೆಸರಿಲ್ಲದೆ ಹೋದರು ಎಂದು ಓದಿಕೊಂಡಿದ್ದ ನಮಗೆ ಇದೊಂದು ಆಶ್ಚರ್ಯ.

ನನಗೆ ಅಲ್ಲಿ ನಿಂತಾಗ ನೆನಪಾದದ್ದು ದೇಗಾಂವ. ಕಿತ್ತೂರಿನ ಹತ್ತಿರದ ಹಳ್ಳಿ. ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿ ಅಲ್ಲಿದೆ. ಮೂರು ಗರ್ಭಗುಡಿ, ತಿರುಗಣಿಯ ಮೇಲೆ ತಿರುವಿದಂಥ ಕಂಬಗಳು, ಕತ್ತೆತ್ತಿದರೆ ಕಮಲ ಬಿಡಿಸಿದ ಚಾವಣಿ. ಅದನ್ನು ಕಟ್ಟಿದ ಶಿಲ್ಪಿಯ ಹೆಸರೂ ಉಳಿದಿದೆ: ತಿಪ್ಪೋಜ. ವಿಲಿಜೆಲ್ಮೊ ಮತ್ತು ತಿಪ್ಪೋಜರ ನಡುವೆ ಕೆಲವು ದಶಕಗಳ ಅಂತರ ಮಾತ್ರ. ಒಬ್ಬನನ್ನು ನೋಡಲು ಜಪಾನಿನಿಂದ ಬಸ್ಸು ಬಸ್ಸು ಜನ ಬರುತ್ತಾರೆ. ಇನ್ನೊಬ್ಬನನ್ನು ನೋಡಲು ಕಿತ್ತೂರು ಉತ್ಸವಕ್ಕೆ ಬಂದವರೂ ಅತ್ತ ಹೊರಳುವುದು ಅಪರೂಪ. ಕಿತ್ತೂರಿಗೆ ಬಂದವರ ಕಣ್ಣ ಮುಂದೆ 1824 ಒಂದೇ ಇರುತ್ತದೆ. ಚೆನ್ನಮ್ಮ, ಥ್ಯಾಕರೆ, ರಾಯಣ್ಣ. ಅದು ದೊಡ್ಡದೇ, ನಾನೂ ಅದನ್ನೇ ಪಾಠ ಹೇಳಿದವನು. ಆದರೆ ಎಂಟುನೂರಕ್ಕೂ ಹೆಚ್ಚು ವರ್ಷ ಹಿಂದಿನ ತಿಪ್ಪೋಜ ಅಷ್ಟು ಹತ್ತಿರ ಕೂತು ಕಾಯುತ್ತಿರುವಾಗ ಒಂದು ರಿಕ್ಷಾ ಬಾಡಿಗೆಯಷ್ಟು ದಯೆಯನ್ನಾದರೂ ತೋರಿಸಬಹುದು.

ಅಲ್ಲಿಂದ ರೆಜ್ಜೊ ಎಮಿಲಿಯಾ. ಆ ಕಡೆ ಹೋಗಲು ಕಾರಣ ಯಾವ ಅತಿಥಿಯೂ ಅಲ್ಲ. ಇಟಲಿಯಲ್ಲಿ ಎರಡು ರೆಜ್ಜೊ ಇವೆ ಎಂದು ತಿಳಿದ ದಿನವೇ ಎರಡನ್ನೂ ನೋಡುವುದೆಂದು ನಿಶ್ಚಯಿಸಿದ್ದೆ. ಒಂದು ಉತ್ತರದ ಎಮಿಲಿಯಾದಲ್ಲಿ, ಇನ್ನೊಂದು ಬೂಟಿನ ತುದಿಯ ಕಲಾಬ್ರಿಯಾದಲ್ಲಿ, ನಡುವೆ ಸಾವಿರ ಕಿಲೋಮೀಟರಿಗಿಂತ ಹೆಚ್ಚು. ನಮ್ಮ ಎರಡು ಹುಬ್ಬಳ್ಳಿಗಳ ನಡುವೆ ಒಂದು ಬಸ್ಸಿನ ನಿದ್ದೆಯಷ್ಟು ದೂರ. ತಪ್ಪಾಗಿ ಇಳಿದರೂ ಊಟದ ಹೊತ್ತಿಗೆ ಮನೆ ಸೇರಬಹುದು. ಅಲ್ಲಿ ತಪ್ಪಾಗಿ ಇಳಿದವನು ಊಟವನ್ನೇ ಬದಲಾಯಿಸಿಕೊಳ್ಳಬೇಕು.

ಪಾರ್ಮಾ ಮತ್ತು ಈ ರೆಜ್ಜೊದ ಹೆಸರು ಸೇರಿಸಿಕೊಂಡ ಪಾರ್ಮಿಜಾನೊ ರೆಜ್ಜಾನೊ ಗಿಣ್ಣಿನ ಹುಟ್ಟೂರು ಇದು. ಸುಮಾರು 550 ಲೀಟರ್ ಹಾಲಿಗೆ ಒಂದು ಗಾಲಿಯಾಕಾರದ ಗಿಣ್ಣು, 40 ಕಿಲೋ ತೂಕ, ಕನಿಷ್ಠ ಹನ್ನೆರಡು ತಿಂಗಳು ಕಪಾಟಿನಲ್ಲಿ ಮಾಗಬೇಕು. ನಿರ್ದಿಷ್ಟ ಜಿಲ್ಲೆಗಳ ಗಡಿ ದಾಟಿ ಒಂದು ಮಾರು ಆಚೆ ಮಾಡಿದರೂ ಆ ಹೆಸರು ಇಡುವಂತಿಲ್ಲ. ಗೋಕಾಕದ ಕರದಂಟನ್ನು ಊರೂರಲ್ಲಿ ಮಾಡಿ ಗೋಕಾಕದ್ದೆಂದು ಮಾರುವುದನ್ನು ನೋಡಿದ ನನಗೆ ಈ ಕಟ್ಟುನಿಟ್ಟು ಬಹಳ ಹಿಡಿಸಿತು. ಇನ್ನೂ ಹಿಡಿಸಿದ್ದು ಆ ಹಾಲು ಕರೆಯುವವರು. ಪೋ ನದಿಯ ಬಯಲಿನ ಹೈನುಗಾರಿಕೆಯಲ್ಲಿ ಪಂಜಾಬಿನಿಂದ ಬಂದ ಸಿಖ್ಖರು ಬಹಳ. ರೆಜ್ಜೊ ಹತ್ತಿರದ ನೊವೆಲ್ಲಾರಾದಲ್ಲಿ 2000ದಲ್ಲಿ ದೊಡ್ಡ ಗುರುದ್ವಾರವೂ ಆಯಿತು. ಅಲ್ಲಿಯ ಲಂಗರಿನಲ್ಲಿ ದಾಲು-ರೊಟ್ಟಿ ಉಂಡು ಕೈ ತೊಳೆಯುವಾಗ ಒಬ್ಬ ಸರ್ದಾರ್ಜಿ ಹಿಂದಿಯಲ್ಲಿ ನನ್ನ ಹೆಂಡತಿಗೆ ಉಪಕಾರ ಮಾಡಿದ: ತಾಯೀ, ಈ ಗಿಣ್ಣಿಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟಿನಿಂದ, ನೋಡಿಕೊಂಡು ತಿನ್ನಿ. ಮಗಳು, ಅಳಿಯ, ನಾನು ಮೂವರೂ ಒಟ್ಟಿಗೆ ಚಾವಣಿ ನೋಡಿದೆವು. ಅಲ್ಲಿ ಫ್ರೆಸ್ಕೊ ಏನೂ ಇರಲಿಲ್ಲ. ಮುಂದಿನ ಪ್ರಯಾಣವೆಲ್ಲ ಪಾಸ್ತಾದ ಮೇಲೆ ಬೆಳಗಾವಿಯಿಂದ ಒಯ್ದಿದ್ದ ಶೇಂಗಾಚಟ್ನಿ ಬಿತ್ತು. ಕೆಟ್ಟಿರಲಿಲ್ಲ ಎಂದು ದಾಖಲಿಸುತ್ತೇನೆ.

ರೋಮಿನಲ್ಲಿ ಎಲ್ಲರೂ ನೋಡುವುದನ್ನು ನಾವೂ ನೋಡಿದೆವು, ಅದರ ಸುದ್ದಿ ಬೇಡ. ನನಗೆ ಹೋಗಬೇಕಿದ್ದುದು ಕ್ಯಾಪಿಟೊಲಿನ್ ಗುಡ್ಡದ ಮೇಲಿನ ಸಾಂತಾ ಮರಿಯಾ ಇನ್ ಅರಚೇಲಿ ಇಗರ್ಜಿಗೆ. 124 ಅಮೃತಶಿಲೆಯ ಮೆಟ್ಟಿಲು, ನೆಟ್ಟಗೆ. ಸವದತ್ತಿಯ ಎಲ್ಲಮ್ಮನ ಗುಡ್ಡದ ಹುಣ್ಣಿಮೆಗಳಲ್ಲಿ ಪಳಗಿದ ನನ್ನಾಕೆ ಉಸಿರು ಬಿಡದೆ ಹತ್ತಿದಳು. ನಾನು ಶಿಲ್ಪಕಲೆ ನೋಡುವ ನೆಪದಲ್ಲಿ ಆಗಾಗ ನಿಂತೆ. ಮೆಟ್ಟಿಲಿನಲ್ಲಿ ಶಿಲ್ಪಕಲೆ ಏನೂ ಇಲ್ಲ.

ಅಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆಯ ಮನೆತನದ ಗೋರಿ ಇದೆ. ಇವನ ಕತೆಯನ್ನು ನಾಲ್ಕು ಅಂಕಕ್ಕೆ ಹೇಳಿಕೊಡುತ್ತಿದ್ದೆನಲ್ಲ ಎಂದು ನನಗೇ ನಾಚಿಕೆ. 1586ರಲ್ಲಿ ಹುಟ್ಟಿದ ರೋಮಿನ ಶ್ರೀಮಂತ. 1614ರಲ್ಲಿ ವೆನಿಸಿನಿಂದ ಹಡಗು ಹತ್ತಿದ. ಬಾಗ್ದಾದಿನಲ್ಲಿ ಸಿತ್ತಿ ಮಾನಿ ಎಂಬ ಕ್ರೈಸ್ತ ತರುಣಿಯನ್ನು ಮದುವೆಯಾದ. ಪರ್ಷಿಯಾದಲ್ಲಿ 1621ರ ಕೊನೆಗೆ ಅವಳು ಜ್ವರದಿಂದ ತೀರಿಕೊಂಡಳು. ಅವನು ಅವಳನ್ನು ಅಲ್ಲಿ ಹೂಳಲಿಲ್ಲ. ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಸಾಮಾನುಗಳ ಜತೆ ಹಿಂದೂಸ್ತಾನಕ್ಕೆ ತಂದ, ರೋಮಿಗೆ ಒಯ್ಯುವುದಕ್ಕೆಂದು. ಅಂದರೆ ಇಕ್ಕೇರಿಯ ವೆಂಕಟಪ್ಪ ನಾಯಕನ ದರ್ಬಾರಿಗೆ ಪೋರ್ಚುಗೀಸ್ ರಾಯಭಾರಿಯ ಜತೆ ಗೇರುಸೊಪ್ಪೆಯ ಘಟ್ಟ ಹತ್ತಿ ಬರುವಾಗ, ಹುಡುಗರು ಮರಳಿನ ಮೇಲೆ ಬೆರಳಿನಿಂದ ಬರೆದು ರಾಗವಾಗಿ ಮಗ್ಗಿ ಹೇಳುವುದನ್ನು ಕಂಡು ಮೆಚ್ಚಿ ಬರೆದುಕೊಳ್ಳುವಾಗ, ಇಕ್ಕೇರಿಯ ಬೀದಿಯಲ್ಲಿ ಹೆಣ್ಣುಮಕ್ಕಳ ಕೋಲಾಟ ನೋಡುವಾಗ, ಈ ಮನುಷ್ಯನ ಮನಸ್ಸಿನಲ್ಲಿ ಒಂದು ಪೆಟ್ಟಿಗೆ ಇತ್ತು. ಮುಂದೆ ಉಳ್ಳಾಲದ ರಾಣಿಯನ್ನೂ ಕಂಡ. ಬರಿಗಾಲಿನಲ್ಲಿ ನಿಂತು ಆಳುಗಳ ಕೆಲಸ ನೋಡುತ್ತಿದ್ದ ಆ ರಾಣಿ, ಇಷ್ಟು ದೂರ ಯಾಕೆ ಬಂದೆಯಪ್ಪಾ ಎಂಬರ್ಥದ ಪ್ರಶ್ನೆ ಕೇಳಿದಳು. ದೇಶ ನೋಡಲು ಎಂದು ಉತ್ತರ ಕೊಟ್ಟ. ಪೆಟ್ಟಿಗೆಯ ಮಾತು ಎತ್ತಲಿಲ್ಲ. ಹೊರಟು ಹನ್ನೆರಡು ವರ್ಷದ ಮೇಲೆ ರೋಮು ಸೇರಿ, ಅವಳನ್ನು ಈ ಇಗರ್ಜಿಯಲ್ಲಿ ತನ್ನವರ ಪಕ್ಕ ಮಲಗಿಸಿದ.

ನನ್ನ ಹೆಂಡತಿ ಇದನ್ನೆಲ್ಲ ಕೇಳಿ ಸುಮ್ಮನೆ ಕೂತಳು. ಆಮೇಲೆ, "ನಮ್ಮ ಗಂಗಾಂಬಿಕಾ ತಾಯಿಯನ್ನ ಯಾರೂ ಹೊತ್ಕೊಂಡು ಹೋಗಲಿಲ್ಲ, ಹೊಳಿ ಇಟ್ಟುಕೊಂಡ್ತು" ಎಂದಳು. ಕಲ್ಯಾಣದ ಕ್ರಾಂತಿಯ ನಂತರ ಶರಣರು ಉಳವಿಯ ದಾರಿ ಹಿಡಿದಾಗ ಬಸವಣ್ಣನವರ ಮಡದಿ ಗಂಗಾಂಬಿಕೆ ಐಕ್ಯರಾದದ್ದು ನಮ್ಮೂರಲ್ಲಿ ಎಂಬುದು ನಂಬಿಕೆ. ಮಲಪ್ರಭೆಯ ಪಾತ್ರದೊಳಗೇ ಐಕ್ಯಮಂಟಪವಿದೆ. ಮಳೆಗಾಲದಲ್ಲಿ ಸುತ್ತ ಕೆಂಪು ನೀರು. ಇಕ್ಕೇರಿಯಲ್ಲಿ ಜಂಗಮರನ್ನು ಕಂಡು ಅವರ ಬಗ್ಗೆಯೂ ಬರೆದಿಟ್ಟ ದೆಲ್ಲಾ ವಾಲ್ಲೆ ಒಂದಿಷ್ಟು ಉತ್ತರಕ್ಕೆ ಬಂದಿದ್ದರೆ ಈ ಕತೆಯನ್ನೂ ಕೇಳುತ್ತಿದ್ದ. ಅವನಿಗೆ ಅರ್ಥವಾಗುತ್ತಿತ್ತು.

ಕೊನೆಯ ಬಾಕಿ ಕಲಾಬ್ರಿಯಾ. ರೋಮಿನಿಂದ ರೈಲು ದಕ್ಷಿಣಕ್ಕೆ ಇಳಿಯುತ್ತ ಸಮುದ್ರದ ಅಂಚು ಹಿಡಿಯುತ್ತದೆ. ಬೋಗಿಯಲ್ಲಿ ಮಾತಿನ ದನಿ ಏರುತ್ತ, ಬುತ್ತಿಯ ಗಂಟುಗಳು ಬಿಚ್ಚುತ್ತ ಬಂದವು. ಎದುರಿನ ಅಜ್ಜಿ ನಾವು ಬೇಡವೆಂದರೂ ಕಿತ್ತಳೆ ಸುಲಿದು ಕೊಟ್ಟಳು. ನನಗೆ ಮಿಲಾನಿನಲ್ಲಿ ಒಮ್ಮೆಯೂ ಆಗದ ನಿರಾಳ ಅಲ್ಲಿ ಆಯಿತು. ಕರೇರಿ ಹುಟ್ಟಿದ ರದಿಚೇನಾ ಈಗ ತೌರಿಯನೋವಾ ಎಂಬ ಪಟ್ಟಣದೊಳಗೆ ಸೇರಿದೆ. ಸುತ್ತ ಆಲಿವ್ ತೋಪುಗಳು, ಒಂದೊಂದು ಮರವೂ ನಮ್ಮ ಆಲದ ಮರದ ಎತ್ತರಕ್ಕೆ ಸ್ಪರ್ಧಿಸುವಂಥದು. ಕರೇರಿ ವಕೀಲ. ನೇಪಲ್ಸಿನಲ್ಲಿ ಬಡ್ತಿ ಸಿಗದೆ ಬೇಸತ್ತು 1693ರಲ್ಲಿ ಹೊರಟು, ಬಾಡಿಗೆಯ ಹಡಗು, ಎತ್ತು, ಕುದುರೆ ಎನ್ನುತ್ತ ಭೂಮಿಯನ್ನೇ ಸುತ್ತಿ ಬಂದ. ಬಡ್ತಿ ಸಿಗದ ಮಾಸ್ತರರು ನಮ್ಮಲ್ಲಿ ಹೆಚ್ಚೆಂದರೆ ಧರ್ಮಸ್ಥಳಕ್ಕೆ ಹೋಗಿಬರುತ್ತಾರೆ. ಗಲಗಲಿಯಲ್ಲಿ 1695ರ ಮಾರ್ಚಿನಲ್ಲಿ ಔರಂಗಜೇಬನನ್ನು ಕಂಡ. ಬಾಗಿದ ಬೆನ್ನು, ಬಿಳಿ ಗಡ್ಡ, ಕೋಲೂರಿದ ಕೈ, ಕನ್ನಡಕವಿಲ್ಲದೆ ತಾನೇ ಅರ್ಜಿ ಓದುವ ಮುದುಕ ಬಾದಶಹ. ಯಾಕೆ ಬಂದೆ, ಚಾಕರಿ ಬೇಕೇ ಎಂದು ಬಾದಶಹ ಕೇಳಿದ. ಬೇಡ, ನೋಡಲಷ್ಟೇ ಬಂದೆ ಎಂದ ಕರೇರಿ. ನಮ್ಮ ನಾಡಿನಲ್ಲಿ ಈ ಒಂದು ಉತ್ತರವನ್ನು ಯಾವ ಕಾಲದಲ್ಲೂ ಯಾರೂ ನಂಬಿಲ್ಲ.

ಅಲ್ಲಿಯ ಕಾಫಿ ಅಂಗಡಿಯವನಿಗೆ ಈ ಕತೆಯನ್ನು ಮಗಳ ಮೂಲಕ ಫೋನಿನಲ್ಲಿ ಹೇಳಿಸಿದೆ. ನಿಮ್ಮೂರಿನವನು ಮುನ್ನೂರು ವರ್ಷದ ಹಿಂದೆ ನಮ್ಮ ಸೀಮೆಗೆ ಬಂದಿದ್ದ, ಮೊಗಲ್ ಬಾದಶಹನ ಜತೆ ಮಾತಾಡಿದ್ದ. ಅವನು ಗಂಭೀರನಾಗಿ ಕೇಳಿಕೊಂಡು ಒಂದೇ ಪ್ರಶ್ನೆ ಹಾಕಿದ: ಊಟಕ್ಕೆ ಏನು ಕೊಟ್ಟಿರಿ?

ರೆಜ್ಜೊ ಕಲಾಬ್ರಿಯಾದ ವಸ್ತುಸಂಗ್ರಹಾಲಯದಲ್ಲಿ ರಿಯಾಚೆಯ ಎರಡು ಕಂಚಿನ ಯೋಧರಿದ್ದಾರೆ. 1972ರಲ್ಲಿ ಸಮುದ್ರದ ತಳದಲ್ಲಿ ಸಿಕ್ಕವರು. ಗ್ರೀಕರ ಕೈಕೆಲಸ, ಕ್ರಿಸ್ತಪೂರ್ವ ಐದನೆಯ ಶತಮಾನದ್ದು. ತುಟಿಗೆ ತಾಮ್ರ, ಒಬ್ಬನ ಹಲ್ಲಿಗೆ ಬೆಳ್ಳಿ. ಒಳಗೆ ಬಿಡುವ ಮೊದಲು ನಮ್ಮನ್ನು ಒಂದು ಗಾಜಿನ ಕೋಣೆಯಲ್ಲಿ ನಿಲ್ಲಿಸಿ ಗಾಳಿ ಹಾಯಿಸಿ ಧೂಳು ತೆಗೆದರು. ಮಡಿ ಅಂದರೆ ಮಡಿ ಎಂದು ಹೆಂಡತಿ ಮೆಚ್ಚಿದಳು. ಈ ಯೋಧರು ಯಾರು, ಯಾವ ಊರಿಗೆ ಹೊರಟಿದ್ದರು, ಯಾವ ಹಡಗಿನಿಂದ ಬಿದ್ದರು ಎಂದು ಪಂಡಿತರು ಇನ್ನೂ ವಾದಿಸುತ್ತಿದ್ದಾರೆ. ರೆಜ್ಜೊದವರಿಗೆ ಅದರ ಗೊಡವೆ ಇಲ್ಲ. ಪ್ರದರ್ಶನಕ್ಕೆ ಬೇರೆ ಊರಿಗೆ ಕಳಿಸುವ ಮಾತು ಎದ್ದಾಗಲೆಲ್ಲ ಊರಿಗೆ ಊರೇ ಎದ್ದು ನಿಲ್ಲುತ್ತದೆ.

ಹೊರಗೆ ಬಂದರೆ ಹಣ್ಣಿನಂಗಡಿಯಲ್ಲಿ ಬೆರ್ಗಮೊಟ್ಟಿನ ರಾಶಿ. ಜಗತ್ತಿನ ಬೆರ್ಗಮೊಟ್ಟಿನ ಬಹುಪಾಲು ಈ ಕರಾವಳಿಯ ಪಟ್ಟಿಯಲ್ಲೇ ಬೆಳೆಯುತ್ತದೆ. ಸಿಪ್ಪೆಯ ಎಣ್ಣೆ ಅತ್ತರಿಗೂ ಅರ್ಲ್ ಗ್ರೇ ಚಹಾಕ್ಕೂ ಹೋಗುತ್ತದೆ. ನನ್ನಾಕೆ ಒಂದನ್ನು ಉಗುರಿನಿಂದ ಕೆರೆದು ಮೂಸಿ, "ಇದು ಕಂಚೀಕಾಯಿ ಜಾತೀದು" ಎಂದು ತೀರ್ಪು ಕೊಟ್ಟು ಒಂದು ಚೀಲ ಕೊಂಡಳು. ತಂಗಿದ್ದ ಮನೆಯ ಅಡುಗೆಕೋಣೆಯಲ್ಲಿ ಹೋಳು ಹೆಚ್ಚಿ, ಉಪ್ಪು ಹಾಕಿ, ಒಯ್ದಿದ್ದ ಬ್ಯಾಡಗಿ ಖಾರಪುಡಿ ಬೆರೆಸಿದಳು. ಕಲಾಬ್ರಿಯಾದವರೂ ಮೆಣಸಿನಕಾಯಿಯ ಭಕ್ತರು, ಬಾಗಿಲಿಗೆ ಸರ ಕಟ್ಟುವವರು. ಮನೆಯೊಡತಿ ಬಂದು ನಮ್ಮ ಖಾರಪುಡಿಯನ್ನು ನಾಲಿಗೆಗಿಟ್ಟು, ಬಣ್ಣ ಚೆನ್ನಾಗಿದೆ, ಆದರೆ ಖಾರವೇ ಇಲ್ಲ ಎನ್ನುವಂತೆ ಕೈ ಆಡಿಸಿದಳು. ಬ್ಯಾಡಗಿಯ ಬಗ್ಗೆ ಅದು ನಿಜ, ಆದರೆ ಪರವೂರಿನವರ ಬಾಯಲ್ಲಿ ಕೇಳುವ ಮಾತಲ್ಲ. ಉಪ್ಪಿನಕಾಯಿ ಕಳಿಯಲು ವಾರ ಬೇಕು, ನಮ್ಮ ರೈಲು ಮರುದಿನ. ಬಾಟಲಿಯನ್ನು ಆಕೆಯ ಕೈಗೇ ಕೊಟ್ಟು, ದಿನಾ ಅಲುಗಾಡಿಸಬೇಕು, ಒದ್ದೆ ಚಮಚ ಹಾಕಬಾರದು ಎಂದು ನನ್ನ ಹೆಂಡತಿ ಬೈಲಹೊಂಗಲದ ಕನ್ನಡದಲ್ಲೇ ವಿವರಿಸಿದಳು. ಆಕೆ ಕಲಾಬ್ರಿಯಾದ ಮಾತಿನಲ್ಲಿ ಬಿರುಸಾಗಿ ಏನೋ ಹೇಳಿದಳು. ಸಕ್ಕರೆ ಡಬ್ಬಿಯ ಕಡೆ ಬೆರಳು ತೋರಿಸುತ್ತಿದ್ದುದರಿಂದ ವಾದದ ವಿಷಯ ನನಗೆ ತಿಳಿಯಿತು. ಇಬ್ಬರೂ ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದರು. ನಾನು ಬ್ಯಾಗುಗಳನ್ನು ಹೊರಗೆ ಇಡುತ್ತೇನೆಂದು ಎದ್ದೆ.